ಮದುವೆಯ ಡಿಸ್ಕು

ಗೃಹಸ್ಥರ ಮನೆಗಳಲ್ಲಿ ಹಳೆಯ ನೆನಪುಗಳು ಸೇರುವ ಪಾತ್ರೆಯು ಕಾಲಕ್ಕೊಂದು ಬಗೆಯಾಗಿ ಬದಲಾಗುತ್ತ ಬಂದಿದೆ. ನಮ್ಮ ಮುತ್ತಜ್ಜಂದಿರು ಓಲೆಯ ಕಟ್ಟುಗಳನ್ನೂ ಕಡತಗಳನ್ನೂ ಬಿಟ್ಟುಹೋದರು. ಅಜ್ಜಂದಿರು ಕೈಬರೆಹದ ಪುಸ್ತಕಗಳನ್ನೂ ಗೋಡೆಯ ಮೇಲಣ ಭಾವಚಿತ್ರಗಳನ್ನೂ ಬಿಟ್ಟುಹೋದರು. ನಮ್ಮ ಯೌವನಕ್ಕೆ ಕ್ಯಾಸೆಟ್ಟುಗಳು ಬಂದುವು. ಅವುಗಳ ಬೆನ್ನ ಹಿಂದೆಯೇ ಡಿ.ವಿ.ಡಿ. ಎಂಬ ಹೊಳೆಯುವ ಬಿಲ್ಲೆಗಳು ಬಂದುವು. ಓಲೆಯನ್ನು ಓದಲು ಹಳೆಯ ಲಿಪಿಯನ್ನು ಬಲ್ಲವರು ಬೇಕು. ಡಿಸ್ಕನ್ನು ಓದಲು ಯಂತ್ರ ಬೇಕು. ಆ ಯಂತ್ರವಾದರೋ ಈಗಿನ ಹೊಸ ಗಣಕಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಆದುದರಿಂದ ಎಷ್ಟೋ ಮನೆಗಳಲ್ಲಿ ಮದುವೆ, ಮುಂಜಿ, ಷಷ್ಟ್ಯಬ್ದಪೂರ್ತಿಗಳ ಡಿಸ್ಕುಗಳು ಬೀರುವಿನ ಮೇಲಿನ ತಟ್ಟಿನಲ್ಲಿ ಮಲಗಿರುವುವು. ಅವುಗಳಲ್ಲಿ ಏನಿದೆಯೆಂಬುದನ್ನು ಮನೆಯವರೇ ಮರೆತಿರುವರು.

೧೯೯೬ನೆಯ ಇಸವಿ ನವೆಂಬರಿನಲ್ಲಿ ಜಪಾನಿನ ಪೇಟೆಯಲ್ಲಿ ಮೊದಲು ಮಾರಾಟಕ್ಕೆ ಬಂದ ಈ ವಸ್ತುವಿನ ಅಡ್ಡಳತೆ ೧೨ ಸೆಂಟಿಮೀಟರು, ದಪ್ಪ ೧.೨ ಮಿಲಿಮೀಟರು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾ ಡಿಸ್ಕಿನಲ್ಲಿ ಅಕ್ಷರಗಳ ಸ್ಥಾನದಲ್ಲಿ ಕಣ್ಣಿಗೆ ಕಾಣದ ಸಣ್ಣ ಗುಳಿಗಳಿರುವುವು. ಊರಿನ ಸ್ಟುಡಿಯೋದವರು ಬರೆದುಕೊಡುವ ಡಿಸ್ಕಿನ ಕ್ರಮ ಬೇರೆ. ಅದರಲ್ಲಿ ಒಂದು ಪದರ ಬಣ್ಣವಿದ್ದು, ಲೇಸರಿನ ಕಾವಿನಿಂದ ಅಲ್ಲಲ್ಲಿ ಮಾರ್ಪಟ್ಟ ಆ ಬಣ್ಣವೇ ಬರೆಹವಾಗುವುದು. ಬಣ್ಣವು ಬಿಸಿಲಿಗೂ ಸೆಕೆಗೂ ತೇವಕ್ಕೂ ಮಾಸತಕ್ಕದ್ದು. ಹೀಗಿರಲು, ಇವುಗಳಲ್ಲಿರುವುದನ್ನು ಬೇರೊಂದೆಡೆಗೆ ಪ್ರತಿಮಾಡಿಕೊಳ್ಳದೆ ಇರುವುದು ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿಟ್ಟು ಊರು ಬಿಟ್ಟು ಹೋದಂತೆ. ಆದರೆ ಪ್ರತಿಮಾಡುವುದೆಂಬುದು ನೋಟಕ್ಕೆ ಸುಲಭವಾಗಿದ್ದರೂ, ಅದಕ್ಕೆ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದಿರಬೇಕು. ಆ ಡಿಸ್ಕಿನಲ್ಲಿ ಪ್ರಧಾನವಾದುದು ಯಾವುದು? ಅದು ಯಾವ ಲಯದಲ್ಲಿ ನಡೆಯತಕ್ಕದ್ದು? ಈ ಎರಡನ್ನು ನಾನು ತಿಳಿದುಕೊಂಡ ಬಗೆಯನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳ ಮದುವೆಯು ೨೦೦೬ರಲ್ಲಿ ಹಾಸನದ ಒಂದು ಛತ್ರದಲ್ಲಿ ನಡೆಯಿತು. ಆಗ ನಮ್ಮ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ವಧೂವರರನ್ನು ಹಸೆಗೆ ಕರೆಯುವ ಹೊತ್ತಿನಲ್ಲಿ ಅವರು ಒಂದು ಹಾಡನ್ನು ಹೇಳಿದರು. ಅದು ಅವರ ತಾಯಿಯಿಂದ ಅವರಿಗೆ ಬಂದುದು. ಯಾವ ಪುಸ್ತಕದಲ್ಲಿಯೂ ಅಚ್ಚಾಗಿರುವುದನ್ನು ನಾನು ಕಾಣೆನು. ತಾಯಿಯವರು ೨೦೧೧ರಲ್ಲಿ ತೀರಿಕೊಂಡರು. ಅಕ್ಕನಿಗೆ ಆ ಹಾಡಿನ ಮೊದಲ ನಾಲ್ಕು ಸಾಲು ಬರುವುದು, ಮುಂದಿನದು ಬಾರದು. ನನಗೆ ಮಾತುಗಳು ಅಲ್ಲಲ್ಲಿ ನೆನಪಿವೆ, ಧಾಟಿ ಗಂಟಲಿಗೆ ಬಾರದು. ಅಕ್ಕನ ಮೊಮ್ಮಗಳು ಸಂಗೀತ ಕಲಿಯುತ್ತಿರುವ ಹುಡುಗಿ. ಅವಳು ಒಮ್ಮೆ ರಜೆಗೆ ಬಂದಿದ್ದಾಗ, "ಮುತ್ತಜ್ಜಿ ಅಮ್ಮನ ಮದುವೆಯಲ್ಲಿ ಹೇಳಿದ ಹಾಡನ್ನು ನಾನು ಕಲಿಯುತ್ತೇನೆ, ಅಜ್ಜಿ" ಎಂದು ಹಟ ಹಿಡಿದಳು. ಮನೆಯಲ್ಲಿದ್ದವರೆಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಆ ಹಾಡು ಪೂರ್ತಿಯಾಗಿ ಉಳಿದಿದ್ದ ಸ್ಥಳ ಲೋಕದಲ್ಲಿ ಒಂದೇ ಒಂದು. ಅದು ಆ ಮದುವೆಯ ಡಿಸ್ಕು.

ಅಕ್ಕನು ಡಿಸ್ಕನ್ನು ಪೇಟೆಯ ಒಂದು ಅಂಗಡಿಗೆ ಕಳುಹಿಸಿ, ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಡಬೇಕೆಂದು ಹೇಳಿಸಿದಳು. ಪೆನ್‌ಡ್ರೈವು ಬಂದಿತು, ತೆರೆದು ನೋಡಿದರೆ ಅದರಲ್ಲಿ ಸ್ಟುಡಿಯೋದವರ ಹೆಸರು ಹೊಳೆದು ತಿರುಗುವ ಒಂದೂವರೆ ನಿಮಿಷದ ಜಾಹೀರಾತು ಮಾತ್ರ ಇದ್ದಿತು. ಮರಳಿ ಕಳುಹಿಸಿದಾಗ ಅಂಗಡಿಯವರು ಮದುವೆಯ ಭಾಗವನ್ನೇನೋ ಇಳಿಸಿಕೊಟ್ಟರು. ಆದರೆ ಅದನ್ನು ನೋಡುತ್ತ ಹೋದಂತೆ ಮಾತಿಗೂ ಮುಖಕ್ಕೂ ಇದ್ದ ಸಂಬಂಧವು ಸಡಿಲವಾಗುತ್ತ ಬಂದು, ತಾಯಿಯವರು ಹಸೆಯ ಮುಂದೆ ನಿಂತು ತುಟಿ ತೆರೆದಾಗ ಕೇಳಿಬಂದುದು ನಾಗಸ್ವರ! ಅವರ ಹಾಡು ಅದಕ್ಕೆ ಮೊದಲೇ, ಬೀಗರು ಪಾನಕ ಕುಡಿಯುತ್ತಿದ್ದ ಚಿತ್ರದ ಮೇಲೆ ಕೇಳಿ ಮುಗಿದುಹೋಗಿದ್ದಿತು. ಅಕ್ಕನು ಕಣ್ಣೊರಸಿಕೊಂಡು ಎದ್ದುಹೋದಳು. ಅಷ್ಟರಲ್ಲಿ ಮೂಲದ ಡಿಸ್ಕೂ ನಮ್ಮ ಹಳೆಯ ಪ್ಲೇಯರಿನಲ್ಲಿ ಅಲ್ಲಲ್ಲಿ ತಡವರಿಸತೊಡಗಿದ್ದಿತು. ಇನ್ನು ಹೆಚ್ಚು ದಿನ ಕಾಯುವಂತಿರಲಿಲ್ಲ.

ದೀಪಾವಳಿಗೆ ಅಕ್ಕನ ಮಗನು ಬೆಂಗಳೂರಿನಿಂದ ಬಂದನು. ಅವನು ಗಣಕದ ಕೆಲಸದಲ್ಲಿರುವವನು. ಡಿಸ್ಕನ್ನು ಓದುವ ಸಣ್ಣದೊಂದು ಡ್ರೈವನ್ನು ಜೊತೆಯಲ್ಲಿಯೇ ತಂದಿದ್ದನು. ಡಿಸ್ಕನ್ನು ಅದರೊಳಗಿಟ್ಟು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೋಡಿ ಮಾವ, ಇದೂ ನಿಮ್ಮ ಪುಸ್ತಕಗಳ ಹಾಗೆಯೇ. ಪೀಠಿಕೆ, ವಿಷಯಾನುಕ್ರಮಣಿಕೆ, ಅಧ್ಯಾಯ ಎಲ್ಲಾ ಇದೆ" ಎಂದನು.

ಅವನು ತೋರಿಸಿದುದು ನಿಜವಾಗಿಯೂ ಹಾಗೆಯೇ ಇದ್ದಿತು. ಡಿ.ವಿ.ಡಿ.ಯ ಒಳಗೆ 'ವಿಡಿಯೋ ಟಿ.ಎಸ್.' ಎಂಬ ಹೆಸರಿನದೊಂದು ಕೋಶವಿದೆ. ಅದರಲ್ಲಿ ಮೂರು ಬಗೆಯ ಕಡತಗಳು. ಐ.ಎಫ್.ಓ. ಎಂದು ಕೊನೆಗೊಳ್ಳುವುವು ಅನುಕ್ರಮಣಿಕೆಗಳು; ಯಾವುದು ಎಲ್ಲಿದೆ, ಎಷ್ಟು ಹೊತ್ತಿನದು, ಎಷ್ಟು ಅಧ್ಯಾಯವುಳ್ಳದ್ದು ಎಂಬುದೆಲ್ಲ ಅಲ್ಲಿ ಬರೆದಿರುವುದು. ಬಿ.ಯು.ಪಿ. ಎಂಬುವು ಆ ಅನುಕ್ರಮಣಿಕೆಗಳ ಯಥಾಪ್ರತಿಗಳು. ಮೊದಲನೆಯದು ಕೆಟ್ಟರೆ ಇದು ಒದಗುವುದು. ವಿ.ಓ.ಬಿ. ಎಂಬುವು ಚಿತ್ರವನ್ನೂ ಶಬ್ದವನ್ನೂ ಹೊತ್ತಿರುವ ದೊಡ್ಡ ಕಡತಗಳು. ಇವುಗಳಲ್ಲಿ ಒಂದೊಂದೂ ಒಂದು ಗಿಗಾಬೈಟನ್ನು ಮೀರಕೂಡದೆಂಬುದು ನಿಯಮ. ಆದುದರಿಂದ ಉದ್ದವಾದ ಚಿತ್ರವು ಒಂದೇ ಕಡತದಲ್ಲಿ ಹಿಡಿಸದೆ, ೧, ೨, ೩, ೪ ಎಂದು ಹಲವು ತುಂಡುಗಳಾಗಿ ಸಾಲುಗಟ್ಟಿರುವುದು. ೦ ಎಂಬ ಸಂಖ್ಯೆಯುಳ್ಳ ವಿ.ಓ.ಬಿ. ಇದ್ದರೆ ಅದು ಕೇವಲ ಸೂಚಿಯ ಪರದೆ. ಇಂತಹ ಕಡತಗಳ ಗುಂಪುಗಳು ಒಂದು ಡಿಸ್ಕಿನಲ್ಲಿ ೯೯ರವರೆಗೆ ಇರಬಹುದು. ನಮ್ಮ ಡಿಸ್ಕಿನಲ್ಲಿ ನಾಲ್ಕು ಗುಂಪುಗಳೂ, ಗುಂಪಿಗೊಂದರಂತೆ ನಾಲ್ಕು ಶೀರ್ಷಿಕೆಗಳೂ ಇದ್ದುವು. ಮೊದಲನೆಯದು ಒಂದೂವರೆ ನಿಮಿಷ; ಎರಡನೆಯದು ಒಂಬತ್ತು ನಿಮಿಷ; ಮೂರನೆಯದು ಒಂದು ಗಂಟೆ ಮೂವತ್ತೆಂಟು ನಿಮಿಷ; ನಾಲ್ಕನೆಯದು ಆರು ನಿಮಿಷ. ಅಂಗಡಿಯವರು ಮೊದಲ ಸಲ ಮೊದಲನೆಯ ಗುಂಪಿನ ಮೊದಲನೆಯ ಕಡತವನ್ನು ಇಳಿಸಿ ಕೈ ತೊಳೆದುಕೊಂಡಿದ್ದರು.

"ಉದ್ದವಾದುದೇ ಮುಖ್ಯವೆಂದು ಇಟ್ಟುಕೊಂಡರೆ ಸಾಲದೇನಪ್ಪ?" ಎಂದು ಕೇಳಿದೆನು.

"ಹತ್ತರಲ್ಲಿ ಎಂಟು ಸಲ ಸಾಕು, ಮಾವ. ಉಳಿದ ಎರಡು ಸಲ ಮೋಸವಾಗುತ್ತದೆ" ಎಂದನು.

ಈ ಮಾತು ನನ್ನನ್ನು ಪಾಠಶಾಲೆಯ ದಿನಗಳಿಗೆ ಒಯ್ದಿತು. ಒಂದು ಗ್ರಂಥಪ್ರಕರಣದಲ್ಲಿ ನೂರು ವಿಷಯಗಳು ಬಂದಿದ್ದಾಗ ಅದರ ತಾತ್ಪರ್ಯವು ಯಾವುದರಲ್ಲಿ ಎಂಬುದನ್ನು ನಿರ್ಣಯಿಸಲು ನಮ್ಮ ಶಾಸ್ತ್ರಕಾರರು ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿರುವರು. ಅಳಿಯನು ಒಂದೊಂದಾಗಿ ತೋರಿಸುತ್ತಿದ್ದ ಪರೀಕ್ಷೆಗಳು ಆ ಆರರೊಳಗೆ ಅಡಗುವುವೆಂದು ನನಗೆ ತೋರಿತು. ಶಾಸ್ತ್ರದ ಮಹತ್ತ್ವವನ್ನು ಯಂತ್ರಕ್ಕೆ ಕಟ್ಟುವ ಉದ್ದೇಶ ನನಗಿಲ್ಲ. ನೆನಪಿಡಲು ಸುಲಭವೆಂದು ಮಾತ್ರ ಆ ಕ್ರಮದಲ್ಲಿ ಹೇಳುವೆನು.

ಮೊದಲನೆಯ ಲಿಂಗವು ಉಪಕ್ರಮ ಮತ್ತು ಉಪಸಂಹಾರಗಳ ಐಕ್ಯ. ಆರಂಭವೂ ಮುಕ್ತಾಯವೂ ಒಂದೇ ವಿಷಯದವಾಗಿರಬೇಕು. ಶೀರ್ಷಿಕೆಯ ಮೊದಲ ಒಂದು ನಿಮಿಷವನ್ನೂ ಕೊನೆಯ ಒಂದು ನಿಮಿಷವನ್ನೂ ನೋಡಬೇಕು. ನಮ್ಮ ಮೂರನೆಯದು ಗಣಪತಿಪೂಜೆಯಿಂದ ಆರಂಭವಾಗಿ, ಹುಡುಗಿಯನ್ನು ಗಂಡನ ಮನೆಗೆ ಕಳುಹಿಸುವುದರಲ್ಲಿ ಮುಗಿದಿದ್ದಿತು. ಎರಡನೆಯದು ಆರತಕ್ಷತೆಯಲ್ಲಿ ಆರಂಭವಾಗಿ ಚಪ್ಪರದ ತೋರಣದಲ್ಲಿ ಮುಗಿದಿದ್ದಿತು. ಅದು ಪೂರ್ಣಗ್ರಂಥವಲ್ಲವೆಂದು ಇಷ್ಟರಿಂದಲೇ ತಿಳಿಯಿತು.

ಎರಡನೆಯದು ಅಭ್ಯಾಸ, ಎಂದರೆ ಮರಳಿ ಮರಳಿ ಹೇಳುವಿಕೆ. ಡಿಸ್ಕಿನ ಸೂಚಿಪರದೆಯಲ್ಲಿ ನಾಂದಿ, ಮುಹೂರ್ತ, ಧಾರೆ, ಹಸೆ ಎಂದು ಹಲವು ಗುಂಡಿಗಳಿದ್ದುವು. ಒಂದೆರಡನ್ನು ಬಿಟ್ಟರೆ ಉಳಿದೆಲ್ಲವೂ ಮೂರನೆಯ ಶೀರ್ಷಿಕೆಗೇ ಕರೆದೊಯ್ಯುತ್ತಿದ್ದುವು. ಅದಕ್ಕೆ ಹದಿನಾಲ್ಕು ಅಧ್ಯಾಯಗಳು, ಮಿಕ್ಕವುಗಳಿಗೆ ಒಂದೊಂದೇ.

ಮೂರನೆಯದು ಅಪೂರ್ವತೆ, ಬೇರೆಲ್ಲಿಯೂ ದೊರೆಯದ ವಿಷಯ ಇಲ್ಲಿ ಇರಬೇಕು. ಎರಡನೆಯ ಶೀರ್ಷಿಕೆಯಲ್ಲಿದ್ದುದೆಲ್ಲವೂ ಮೂರನೆಯದರಿಂದಲೇ ಕತ್ತರಿಸಿ ಸಿನಿಮಾ ಹಾಡಿಗೆ ಹೊಂದಿಸಿದ ತುಣುಕುಗಳು. ಈ ಲಿಂಗವು ಉದ್ದದ ಮೋಸವನ್ನೂ ಬಯಲು ಮಾಡುವುದು. ಧಾರಾವಾಹಿಗಳ ಡಿಸ್ಕುಗಳಲ್ಲಿ ಕಂತುಗಳು ಒಂದೊಂದು ಶೀರ್ಷಿಕೆಯಾಗಿಯೂ, ಅವನ್ನೆಲ್ಲ ಒಟ್ಟಿಗೆ ನಡೆಯಿಸುವುದು ಬೇರೊಂದು ಉದ್ದವಾದ ಶೀರ್ಷಿಕೆಯಾಗಿಯೂ ಇರುವುದುಂಟು. ಅನುಕ್ರಮಣಿಕೆಯು ಒಂದೇ ತುಂಡನ್ನು ಎರಡು ಕಡೆಯಿಂದ ಬೆರಳಿಟ್ಟು ತೋರಿಸಬಲ್ಲದಾದುದರಿಂದ, ಅಂತಹ ಉದ್ದದ ಶೀರ್ಷಿಕೆಯಲ್ಲಿ ಹೊಸ ವಿಷಯ ಎಳ್ಳಷ್ಟೂ ಇರುವುದಿಲ್ಲ. ಎಲ್ಲ ಶೀರ್ಷಿಕೆಗಳ ಕಾಲವನ್ನು ಕೂಡಿಸಿದಾಗ ಡಿಸ್ಕಿನಲ್ಲಿ ಹಿಡಿಸಲಾರದಷ್ಟು ಗಂಟೆಗಳು ಬಂದರೆ ಇದೇ ಕಾರಣವೆಂದು ಊಹಿಸಬಹುದು.

ನಾಲ್ಕನೆಯದು ಫಲ. ಡಿಸ್ಕನ್ನು ಮಾಡಿಸಿದುದು ಏತಕ್ಕೆ? ಮದುವೆಯನ್ನು ನೋಡುವುದಕ್ಕೆ, ಭಾವಚಿತ್ರಗಳು ಒಂದಾದ ಮೇಲೊಂದು ಸರಿಯುವ ಆರು ನಿಮಿಷದ ಆಲ್ಬಮ್ಮಿಗಾಗಿ ಅಲ್ಲ. ಐದನೆಯದು ಅರ್ಥವಾದ, ಎಂದರೆ ಪ್ರಶಂಸೆ. ವೇದದ ಅರ್ಥವಾದವು ವಿಧಿಗೆ ಅಂಗವಾಗಿ ಪ್ರಯೋಜನವನ್ನು ಪಡೆಯುವುದು. ಇಲ್ಲಿಯ ಮೊದಲನೆಯ ಶೀರ್ಷಿಕೆಯು ಸ್ಟುಡಿಯೋದವರು ತಮ್ಮನ್ನು ತಾವೇ ಹೊಗಳಿಕೊಂಡ ಅರ್ಥವಾದ. ಪ್ರಧಾನವು ಯಾವುದಲ್ಲ ಎಂಬುದನ್ನು ತಿಳಿಸಿ ಅದೂ ಕೃತಾರ್ಥವಾಯಿತು. ಆರನೆಯದು ಉಪಪತ್ತಿ, ಎಂದರೆ ಯುಕ್ತಿ. ಮೂರನೆಯ ಗುಂಪಿನಲ್ಲಿ ನಾಲ್ಕು ವಿ.ಓ.ಬಿ. ಕಡತಗಳು, ಮೂರು ಭರ್ತಿಯಾದ ಗಿಗಾಬೈಟಿನವು, ನಾಲ್ಕನೆಯದು ಅರ್ಧಕ್ಕೆ ತುಸು ಮೇಲೆ. ಒಂದೇ ಪದರದ ಡಿಸ್ಕಿನಲ್ಲಿ ಒಟ್ಟು ಹಿಡಿಸುವುದು ೪೭೦ ಕೋಟಿ ಬೈಟು. ಡಿಸ್ಕಿನ ಬಹುಪಾಲನ್ನು ಆಕ್ರಮಿಸಿರುವುದೇ ಪ್ರಧಾನವೆಂಬುದಕ್ಕೆ ಬೇರೆ ಯುಕ್ತಿ ಬೇಕೆ?

ಆರೂ ಲಿಂಗಗಳು ಒಂದೇ ಕಡೆಗೆ ಕೈ ತೋರಿದುವು. ಅಂಗಡಿಯಿಂದ ಬಂದ ಸಿನಿಮಾ ಡಿಸ್ಕುಗಳ ವಿಷಯದಲ್ಲಿ ಇಷ್ಟು ಸುಲಭವಾಗಿರುವುದಿಲ್ಲವೆಂದು ಅಳಿಯನು ಹೇಳಿದನು. ಅವುಗಳಲ್ಲಿ ಕೆಲವಕ್ಕೆ, ಪ್ರತಿಮಾಡುವವರು ದಾರಿ ತಪ್ಪಲೆಂದು, ಸರಿಸುಮಾರು ಒಂದೇ ಉದ್ದದ ಹತ್ತಾರು ಸುಳ್ಳು ಶೀರ್ಷಿಕೆಗಳನ್ನು ತುಂಬಿರುವರು. ಅಧ್ಯಾಯಗಳ ಕ್ರಮವು ಒಂದರಲ್ಲಿ ಮಾತ್ರ ಸರಿಯಾಗಿರುವುದು. ಅಂತಹ ಡಿಸ್ಕನ್ನು ಮೊದಲು ಸಾಧಾರಣ ರೀತಿಯಲ್ಲಿ ನಡೆಯಿಸಿ, ಚಿತ್ರವು ಓಡುತ್ತಿರುವಾಗ ಯಾವ ಸಂಖ್ಯೆಯ ಶೀರ್ಷಿಕೆ ನಡೆಯುತ್ತಿದೆಯೆಂಬುದನ್ನು ವಿ.ಎಲ್.ಸಿ.ಯಂತಹ ತಂತ್ರಾಂಶದಲ್ಲಿ ನೋಡಿಕೊಳ್ಳಬೇಕು. ಮಾಡಿದವನೇ ಹಾಕಿಕೊಟ್ಟ ದಾರಿಯಲ್ಲಿ ಹೋದವನಿಗೆ ಸುಳ್ಳು ಕವಲುಗಳು ಬಾಧಿಸುವುದಿಲ್ಲ. ಆದರೆ ಪರರ ಸ್ವತ್ತಾದ ಚಿತ್ರಗಳನ್ನು ಪ್ರತಿಮಾಡುವುದು ಗೃಹಸ್ಥಧರ್ಮವಲ್ಲ. ನಾನು ಹೇಳುತ್ತಿರುವುದು ನಮ್ಮ ನಮ್ಮ ಮನೆಯ ಡಿಸ್ಕುಗಳ ಮಾತು.

ಪ್ರಧಾನವು ನಿರ್ಣಯವಾಯಿತು, ಇನ್ನು ಲಯ. ಕೊಳ್ಳಿಯೊಂದನ್ನು ಕತ್ತಲಲ್ಲಿ ಬೀಸಿ ತಿರುಗಿಸಿದರೆ ಬೆಂಕಿಯ ಚಕ್ರವೊಂದು ಕಾಣುವುದು. ಚಕ್ರವಿಲ್ಲ, ಇರುವುದು ಒಂದು ಕಿಡಿಯೇ. ಈ ಅಲಾತಚಕ್ರದ ದೃಷ್ಟಾಂತವು ನಮ್ಮ ದರ್ಶನಗ್ರಂಥಗಳಲ್ಲಿ ಪ್ರಸಿದ್ಧವಾದುದು. ಗೌಡಪಾದರ ಕಾರಿಕೆಗಳ ನಾಲ್ಕನೆಯ ಪ್ರಕರಣಕ್ಕೆ ಅದರಿಂದಲೇ ಹೆಸರು ಬಂದಿದೆ. ಚಲಚ್ಚಿತ್ರದಲ್ಲಿಯೂ ಚಲನವಿಲ್ಲ, ನಿಶ್ಚಲವಾದ ಬಿಡಿಚಿತ್ರಗಳು ಒಂದರ ಹಿಂದೊಂದು ವೇಗದಿಂದ ಬಂದು ಚಲನವೆಂಬ ತೋರಿಕೆಯನ್ನು ಹುಟ್ಟಿಸುವುವು. ಈ ಬಿಡಿಚಿತ್ರವನ್ನು ಫ್ರೇಮು ಎನ್ನುವರು. ಒಂದು ಸೆಕೆಂಡಿಗೆ ಎಷ್ಟು ಫ್ರೇಮುಗಳೆಂಬುದೇ ಆ ಚಿತ್ರದ ಲಯ.

ಮೂಕಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ಈ ಲಯವು ತಿರುಗಿಸುವವನ ಕೈಯನ್ನು ಅನುಸರಿಸುತ್ತಿದ್ದಿತು. ೧೯೨೦ರ ದಶಕದ ಕೊನೆಯಲ್ಲಿ ಚಿತ್ರಕ್ಕೆ ಮಾತು ಬಂದಿತು. ಫಿಲ್ಮಿನ ಅಂಚಿನಲ್ಲಿಯೇ ಶಬ್ದವನ್ನು ಬರೆದ ಮೇಲೆ ಓಟವು ಏರುಪೇರಾದರೆ ರಾಗವೇ ಕೆಡುವುದಷ್ಟೆ. ಆದುದರಿಂದ ಸೆಕೆಂಡಿಗೆ ೨೪ ಫ್ರೇಮುಗಳೆಂಬ ಲೆಕ್ಕ ಸ್ಥಿರವಾಯಿತು. ೧೯೩೪ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾದ 'ಸತೀ ಸುಲೋಚನಾ' ತೆರೆಗೆ ಬಂದುದು ಈ ನಿಯಮವು ನೆಲೆಗೊಂಡ ಬಳಿಕ. ಆ ಚಿತ್ರದ ಪ್ರತಿಯು ಇಂದು ದೊರೆಯುವುದಿಲ್ಲವೆಂಬುದನ್ನು ನೆನೆದರೆ, ಪ್ರತಿಮಾಡಿ ಇಡದ ವಸ್ತುವಿನ ಗತಿಯೇನೆಂಬುದು ತಾನಾಗಿ ತಿಳಿಯುವುದು.

ಟೆಲಿವಿಷನ್ನಿನ ಲಯಕ್ಕೆ ಮೂಲ ಬೇರೆ. ಅದು ಮನೆಯ ವಿದ್ಯುತ್ತಿನ ಸ್ಪಂದನವನ್ನು ಅನುಸರಿಸಿತು. ನಮ್ಮ ದೇಶದಲ್ಲಿಯೂ ಯೂರೋಪಿನಲ್ಲಿಯೂ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಸ್ಪಂದಿಸುವುದು. ಅಮೆರಿಕಾದಲ್ಲಿ ೬೦ ಸಲ. ಫ್ರೇಮನ್ನು ಬೆಸ ಗೆರೆಗಳದೊಂದು, ಸರಿ ಗೆರೆಗಳದೊಂದು ಎಂದು ಎರಡು ಅರ್ಧಚಿತ್ರಗಳಾಗಿ ಸೀಳಿ ಕಳುಹಿಸುತ್ತಿದ್ದುದರಿಂದ, ಇಲ್ಲಿ ೫೦ ಅರ್ಧಗಳು ಸೇರಿ ೨೫ ಫ್ರೇಮು, ಅಲ್ಲಿ ೬೦ ಅರ್ಧಗಳು ಸೇರಿ ೩೦ ಫ್ರೇಮು ಆದುವು. ೧೯೫೩ರಲ್ಲಿ ಅಮೆರಿಕಾದವರು ಬಣ್ಣದ ಪ್ರಸಾರಕ್ಕೆ ನಿಯಮ ಕಟ್ಟಿದಾಗ ಆ ೩೦ನ್ನು ಸಾವಿರಕ್ಕೆ ಒಂದರಷ್ಟು ತಗ್ಗಿಸಬೇಕಾಗಿ ಬಂದು ಅದು ೨೯.೯೭ ಆಯಿತು. ನಮ್ಮ ದೂರದರ್ಶನವು ೧೯೮೨ರಲ್ಲಿ ಬಣ್ಣಕ್ಕೆ ತಿರುಗಿದಾಗ ಪಾಲ್ ಎಂಬ ೨೫ರ ಕ್ರಮವನ್ನು ಹಿಡಿಯಿತು. ಡಿ.ವಿ.ಡಿ.ಯಲ್ಲಿ ಅಧಿಕೃತವಾಗಿ ಇರತಕ್ಕ ಲಯಗಳು ಇವೆರಡೇ: ೨೫ ಅಥವಾ ೨೯.೯೭.

ಇವೆರಡರಲ್ಲಿ ಯಾವುದೆಂದು ತಿಳಿಯುವುದು ಕಷ್ಟವಲ್ಲ. ಚಿತ್ರದ ಎತ್ತರವು ೫೭೬ ಗೆರೆಗಳಿದ್ದರೆ ೨೫; ೪೮೦ ಇದ್ದರೆ ೨೯.೯೭. ಅನುಕ್ರಮಣಿಕೆಯಲ್ಲಿಯೂ ಈ ವಿಷಯ ಬರೆದಿರುವುದು. ಅಲ್ಲಿ ಕಾಲಾವಧಿಗೆ ನಾಲ್ಕು ಬೈಟುಗಳು ಮೀಸಲು: ಗಂಟೆ, ನಿಮಿಷ, ಸೆಕೆಂಡು, ಫ್ರೇಮು. ನಾಲ್ಕನೆಯದರ ಮೊದಲ ಎರಡು ಬಿಟ್ಟುಗಳು ೦೧ ಎಂದಿದ್ದರೆ ಲಯ ೨೫. ೧೧ ಎಂದಿದ್ದರೆ ಅಮೆರಿಕಾದ ಕ್ರಮ. ಇದನ್ನು ಕಣ್ಣಿಟ್ಟು ಓದುವ ಶ್ರಮ ನಮಗೆ ಬೇಕಿಲ್ಲ. ಮೀಡಿಯಾಇನ್ಫೊ ಎಂಬ ಪುಕ್ಕಟೆಯ ತಂತ್ರಾಂಶಕ್ಕೆ ಕಡತವನ್ನು ಕೊಟ್ಟರೆ ಎತ್ತರವನ್ನೂ ಲಯವನ್ನೂ ಬರೆದು ತೋರಿಸುವುದು. ನಮ್ಮ ಮದುವೆಯ ಡಿಸ್ಕು ೫೭೬ ಗೆರೆಗಳದು, ಲಯ ೨೫.

ಆದರೆ ಅಮೆರಿಕಾದ ಕ್ರಮದ ಸಿನಿಮಾ ಡಿಸ್ಕುಗಳಲ್ಲಿ ಹೊರಗೆ ಬರೆದಿರುವ ಲಯವೊಂದು, ಒಳಗಿರುವ ಲಯವೊಂದು. ಮೂಲ ಫಿಲ್ಮಿನಲ್ಲಿರುವುದು ೨೪. ತೋರಿಸಬೇಕಾದುದು ೩೦ರ ಹತ್ತಿರ. ನಾಲ್ಕು ಫ್ರೇಮುಗಳನ್ನು ಐದರ ಸ್ಥಳದಲ್ಲಿ ಹರಡಬೇಕು. ಇದಕ್ಕೆ ಅವರು ಮಾಡಿದ ಉಪಾಯವನ್ನು ಕೇಳಿ ನನಗೆ ಸಂತೋಷವಾಯಿತು. ಮೊದಲನೆಯ ಫ್ರೇಮಿಗೆ ಎರಡು ಅರ್ಧಚಿತ್ರಗಳ ಕಾಲ, ಎರಡನೆಯದಕ್ಕೆ ಮೂರು, ಮತ್ತೆ ಎರಡು, ಮತ್ತೆ ಮೂರು; ಒಟ್ಟು ಹತ್ತು ಅರ್ಧಗಳು, ಎಂದರೆ ಐದು ಫ್ರೇಮು. ಶಿಕ್ಷಾಶಾಸ್ತ್ರದಲ್ಲಿ ದೀರ್ಘಸ್ವರಕ್ಕೆ ಎರಡು ಮಾತ್ರೆ, ಪ್ಲುತಕ್ಕೆ ಮೂರು. ಇದು ದೀರ್ಘ ಪ್ಲುತಗಳನ್ನು ಒಂದರ ಬಳಿಕ ಒಂದು ಉಚ್ಚರಿಸಿದ ಹಾಗೆ! ಅನೇಕ ಡಿಸ್ಕುಗಳಲ್ಲಿ ಫ್ರೇಮುಗಳನ್ನು ೨೪ರಂತೆಯೇ ಇಟ್ಟು, "ಇದನ್ನು ಪ್ಲುತವಾಗಿ ತೋರಿಸು" ಎಂಬ ಗುರುತನ್ನು ಮಾತ್ರ ಬರೆದಿರುವರು. ಇನ್ನು ಕೆಲವುದರಲ್ಲಿ ಹರಡಿದ ಚಿತ್ರವನ್ನೇ ಬರೆದಿರುವರು. ಅಂತಹದನ್ನು ಒಂದೊಂದೇ ಫ್ರೇಮಾಗಿ ಸರಿಸುತ್ತ ನೋಡಿದರೆ, ಐದರಲ್ಲಿ ಮೂರು ಶುಭ್ರವಾಗಿಯೂ ಎರಡು, ಚಲಿಸುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳು ಮೂಡಿದಂತೆಯೂ ಕಾಣುವುವು. ಅದನ್ನು ಕಂಡರೆ ಮೂಲವು ೨೪ರದೆಂದು ನಿಶ್ಚಯಿಸಬಹುದು. ಹೊರದೇಶಗಳಲ್ಲಿರುವ ನಮ್ಮವರಿಗಾಗಿ ತಯಾರಾದ ಅನೇಕ ಭಾರತೀಯ ಸಿನಿಮಾ ಡಿಸ್ಕುಗಳು ಅಮೆರಿಕಾದ ಕ್ರಮದವೇ ಆದುದರಿಂದ ಇದು ನಮಗೂ ಬೇಕಾದ ಮಾತು. ಮನೆಯ ಮದುವೆಯ ಚಿತ್ರದಲ್ಲಿಯಾದರೋ ಹಲ್ಲುಗಳು ಚಲನವಿದ್ದಲ್ಲೆಲ್ಲ ಎಡೆಬಿಡದೆ ಕಾಣುವುವು. ಆರತಿಯ ತಟ್ಟೆ ಎತ್ತಿದ ಕೈಯಲ್ಲಿ ನಾವು ಅದನ್ನು ಕಂಡೆವು. ಆ ಕ್ಯಾಮೆರಾ ಸೆಕೆಂಡಿಗೆ ೫೦ ಬೇರೆ ಬೇರೆ ಕ್ಷಣಗಳ ಅರ್ಧಚಿತ್ರಗಳನ್ನು ಹಿಡಿದಿರುವುದೇ ಇದಕ್ಕೆ ಕಾರಣ, ಅದು ದೋಷವಲ್ಲ.

ಇಷ್ಟು ತಿಳಿದ ಮೇಲೆ ಅಂಗಡಿಯ ಎರಡನೆಯ ಪ್ರತಿಯಲ್ಲಿ ಹಾಡು ಏಕೆ ಓಡಿಹೋಗಿದ್ದಿತೆಂಬುದು ಲೆಕ್ಕಕ್ಕೆ ಸಿಕ್ಕಿತು. ಅವರು ಚಿತ್ರವನ್ನೂ ಶಬ್ದವನ್ನೂ ಬಿಡಿಸಿ, ಮರಳಿ ಹೊಂದಿಸುವಾಗ ಚಿತ್ರಕ್ಕೆ ಸಿನಿಮಾದ ಲಯವಾದ ೨೪ನ್ನು ಕೊಟ್ಟಿದ್ದರು. ಶಬ್ದವು ತನ್ನ ಸಹಜಗತಿಯಲ್ಲಿ ನಡೆಯಿತು. ಒಂದು ಗಂಟೆ ಮೂವತ್ತೆಂಟು ನಿಮಿಷಕ್ಕೆ ೨೫ರಂತೆ ೧,೪೭,೦೦೦ ಫ್ರೇಮುಗಳು. ಅವನ್ನು ೨೪ರಂತೆ ನಡೆಯಿಸಿದರೆ ನಾಲ್ಕು ನಿಮಿಷ ಐದು ಸೆಕೆಂಡು ಹೆಚ್ಚು ಹಿಡಿಯುವುದು. ಮೊದಲ ನಿಮಿಷದಲ್ಲಿ ವ್ಯತ್ಯಾಸ ಎರಡೂವರೆ ಸೆಕೆಂಡು. ಪುರೋಹಿತರು ಮಂತ್ರ ಹೇಳುತ್ತಿದ್ದ ಆ ಹೊತ್ತಿನಲ್ಲಿ ಅದು ಯಾರಿಗೂ ತಿಳಿಯದು. ತಾಯಿಯವರ ಹಾಡು ಮೂಲದಲ್ಲಿ ಆರಂಭವಾಗುವುದು ನಾಲ್ವತ್ತೆಂಟನೆಯ ನಿಮಿಷಕ್ಕೆ. ನಿಧಾನವಾಗಿ ನಡೆದ ಚಿತ್ರವು ಅಲ್ಲಿಗೆ ತಲುಪುವಾಗ ಐವತ್ತನೆಯ ನಿಮಿಷ. ಹಾಡು ಇರುವುದು ಎರಡು ನಿಮಿಷಕ್ಕೆ ತುಸು ಕಡಮೆ. ಎಂದರೆ ಅವರ ಮುಖ ಕಾಣುವ ಹೊತ್ತಿಗೆ ಧ್ವನಿಯು ಪೂರ್ತಿಯಾಗಿ ಕಳೆದುಹೋಗಿರುವುದು. ಇಪ್ಪತ್ತೈದರಲ್ಲಿ ಒಂದು ಭಾಗದ ತಪ್ಪು. ಅಷ್ಟರಿಂದಲೇ ಮುಖಕ್ಕೂ ವಾಣಿಗೂ ವಿಯೋಗ ಪ್ರಾಪ್ತವಾಯಿತು.

"ಹಾಗಾದರೆ ಶಬ್ದವನ್ನೂ ಅಷ್ಟೇ ನಿಧಾನ ಮಾಡಿದ್ದರೆ ಎರಡೂ ಕೂಡುತ್ತಿದ್ದುವಲ್ಲವೆ?" ಎಂದು ಕೇಳಿದೆನು.

"ಕೂಡುತ್ತಿದ್ದುವು, ಮಾವ. ಆದರೆ ಅಜ್ಜಿಯ ಶ್ರುತಿ ಇಳಿದುಹೋಗುತ್ತಿತ್ತು" ಎಂದನು.

ಈ ಮಾತನ್ನು ವಾಚಕರು ಗಮನಿಸಬೇಕು. ಧ್ವನಿಯ ಓಟವನ್ನು ಹಾಗೆಯೇ ತಗ್ಗಿಸಿದರೆ ಸ್ವರವೂ ತಗ್ಗುವುದು, ಏರಿಸಿದರೆ ಸ್ವರವೂ ಏರುವುದು. ೨೪ರ ಸಿನಿಮಾಗಳನ್ನು ಪಾಲ್ ಕ್ರಮದ ಡಿಸ್ಕಿಗೆ ತರುವಾಗ ಬಹುಕಾಲ ಮಾಡುತ್ತಿದ್ದುದು ಇದನ್ನೇ. ೨೪ನ್ನು ೨೫ರಂತೆ ಓಡಿಸಿಬಿಡುವುದು. ೧೫೦ ನಿಮಿಷದ ಚಿತ್ರವು ೧೪೪ ನಿಮಿಷಕ್ಕೆ ಮುಗಿಯುವುದು. ಸರಿಪಡಿಸದಿದ್ದರೆ ಹಾಡುಗಳ ಶ್ರುತಿಯು ಅರ್ಧಸ್ವರಕ್ಕೆ ತುಸು ಕಡಮೆಯಷ್ಟು ಏರುವುದು. ೨೫ಕ್ಕೆ ೨೪ ಎಂಬ ಈ ಪ್ರಮಾಣವೇ, ಇಪ್ಪತ್ತೆರಡು ಶ್ರುತಿಗಳನ್ನು ಗಣಿತದಿಂದ ವಿವರಿಸುವ ಆಧುನಿಕರು ನ್ಯೂನಶ್ರುತಿಯೆಂದು ಕರೆಯುವ ಅಂತರ. ಸಿನಿಮಾ ನೋಡುವವನು ಅದನ್ನು ಸಹಿಸಬಹುದು. ಹಾಡನ್ನು ಕಲಿಯಲು ಕುಳಿತ ಮಗುವಿಗೆ ಮುತ್ತಜ್ಜಿಯ ಗಂಟಲು ಇದ್ದಂತೆಯೇ ಕೇಳಬೇಡವೆ?

ಆದುದರಿಂದ ಅಳಿಯನು ಚಿತ್ರವನ್ನಾಗಲಿ ಶಬ್ದವನ್ನಾಗಲಿ ಬಿಡಿಸಲಿಲ್ಲ. ಮೊದಲು ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರಸಿದನು. ಸುತ್ತಲೂ ತಿರುಗಿಸಿ ಒರಸಿದರೆ ಬೀಳುವ ಗೀರು ಬರೆಹದ ಸಾಲಿನ ಉದ್ದಕ್ಕೂ ಹೋಗಿ ಹೆಚ್ಚು ಹಾನಿ ಮಾಡುವುದಂತೆ. ಬಳಿಕ ಡಿಸ್ಕಿನ ಸಮಸ್ತವನ್ನೂ ಇದ್ದಕ್ಕಿದ್ದಂತೆ ಗಣಕಕ್ಕೆ ಇಳಿಸಿಕೊಂಡು, ಮೂರನೆಯ ಶೀರ್ಷಿಕೆಯನ್ನು ಅದರ ೨೫ರ ಲಯದಲ್ಲಿಯೇ, ಹದಿನಾಲ್ಕು ಅಧ್ಯಾಯಗಳ ಸಹಿತವಾಗಿ, ಒಂದೇ ಕಡತವಾಗಿ ಕಟ್ಟಿದನು. ಎರಡು ಕಡೆ ಡ್ರೈವು ಬಹಳ ಹೊತ್ತು ತಡವರಿಸಿತು. ಆರತಕ್ಷತೆಯ ಭಾಗದಲ್ಲಿ ಕೆಲವು ಸೆಕೆಂಡುಗಳು ಬಾರದೆ ಹೋದುವು. ಅವು ಇನ್ನು ಬರತಕ್ಕವೂ ಅಲ್ಲ. ಹಸೆಯ ಭಾಗವು ಕೆಡದೆ ಬಂದಿತು. ತಾಯಿಯವರು ಸೆರಗನ್ನು ಸರಿಮಾಡಿಕೊಂಡು ಬಾಯಿ ತೆರೆದರು. ಹಾಡು ಅವರ ಬಾಯಿಂದಲೇ ಬಂದಿತು. ಅಕ್ಕನು ಅದನ್ನು ಮೂರು ಸಲ ಕೇಳಿ, ನಾಲ್ಕನೆಯ ಸಲಕ್ಕೆ ತಾನೂ ಸೇರಿ ಹೇಳಿದಳು. ಹನ್ನೊಂದು ನುಡಿಗಳನ್ನು ನಾನು ಕಾಗದದ ಮೇಲೆ ಬರೆದುಕೊಂಡೆನು. ಮೊಮ್ಮಗಳು ಸಂಕ್ರಾಂತಿಯ ವೇಳೆಗೆ ಪೂರ್ತಿಯಾಗಿ ಕಲಿತಳು.

ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ನಿಮ್ಮ ಮನೆಯ ಡಿಸ್ಕುಗಳನ್ನು ಈ ವರ್ಷವೇ ಹೊರಗೆ ತೆಗೆಯಿರಿ. ಬೆಳಕಿಗೆ ಹಿಡಿದು ಗೀರನ್ನೂ ಮಾಸಿದ ಬಣ್ಣವನ್ನೂ ನೋಡಿರಿ. ಪ್ರತಿಮಾಡಲು ಕೊಡುವಾಗ, "ಡಿಸ್ಕಿನಲ್ಲಿ ಎಷ್ಟು ಶೀರ್ಷಿಕೆಗಳಿವೆ, ಒಂದೊಂದೂ ಎಷ್ಟು ಹೊತ್ತಿನದು?" ಎಂದು ಕೇಳಿ ಬರೆಯಿಸಿಕೊಳ್ಳಿರಿ. ಮೂಲದ ಲಯವನ್ನು ಬದಲಾಯಿಸಕೂಡದೆಂದು ಹೇಳಿರಿ. ಪ್ರತಿ ಕೈಗೆ ಬಂದ ಬಳಿಕ ಮೊದಲ ನಿಮಿಷವನ್ನು ನೋಡಿ ತೃಪ್ತರಾಗಬೇಡಿರಿ. ನಡುವನ್ನೂ ಕೊನೆಯನ್ನೂ ನೋಡಿ, ಮಾತು ತುಟಿಯೊಡನೆ ಸೇರಿದೆಯೆ ಎಂದು ಪರೀಕ್ಷಿಸಿರಿ. ಒಟ್ಟು ಕಾಲವು ಮೂಲದ ಕಾಲಕ್ಕೆ ಸರಿಯಾಗಿದೆಯೆ ಎಂದು ತಾಳೆ ನೋಡಿರಿ. ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿಡಿರಿ. ಇಷ್ಟಾಗುವವರೆಗೆ ಮೂಲದ ಡಿಸ್ಕನ್ನು ಎಸೆಯಬೇಡಿರಿ.

ಎಲ್ಲಕ್ಕಿಂತ ಹೆಚ್ಚಾಗಿ, ಅದರಲ್ಲಿ ಹಾಡಿರುವವರ ಹಾಡನ್ನು ಮನೆಯ ಮಕ್ಕಳಲ್ಲಿ ಒಬ್ಬರಾದರೂ ಬಾಯಿಪಾಠ ಮಾಡಲಿ. ನಮ್ಮವರು ವೇದವನ್ನು ಕಾಪಾಡಿಕೊಂಡು ಬಂದುದು ಕಂಠದಿಂದ ಕಂಠಕ್ಕೆ. ಯಂತ್ರವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹಾಡನ್ನು ದಾಟಿಸುವ ದೋಣಿ. ದಡವು ಮನುಷ್ಯನ ಕಂಠವೇ.